ಸಮ್ಮೋಹನದ ಶೋ ಮಾಡುವವರು ಚಿಕಿತ್ಸೆಯನ್ನೂ ಮಾಡುತ್ತಿದ್ದರೆ ವೇದಿಕೆಗೆ ಬೇರೆ ಹೆಸರು ಇಟ್ಟುಕೊಳ್ಳಬೇಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್ ಮುಗಿಸಿದ್ದೀರಿ, ಹಿಪ್ನೋಥೆರಪಿಯನ್ನೂ ಶುರು ಮಾಡಬೇಕೆಂದಿದ್ದೀರಿ. ಕಾಲೇಜಿನ ದಿನಗಳಿಂದ ಸಮ್ಮೋಹನದ ಶೋ ಮಾಡುತ್ತ ಬಂದಿದ್ದೀರಿ, ಅದನ್ನು ಬಿಡಲು ಮನಸ್ಸಿಲ್ಲ. ಎರಡಕ್ಕೂ ಒಂದೇ ಹೆಸರು ನಡೆಯುತ್ತದೆಯೇ ಎಂದು ಕೇಳಿದ್ದೀರಿ.

ಬೇರೆ ಹೆಸರು ಇಟ್ಟುಕೊಳ್ಳಿ. ಆದರೆ ಆ ಹೆಸರನ್ನು ಕ್ಲಿನಿಕ್ಕಿಗೆ ಬರುವವರಿಂದ ಮುಚ್ಚಿಡಬೇಡಿ. ಮೊದಲನೆಯದನ್ನು ಕಲಿಯಲು ನನಗೆ ಐದು ವರ್ಷ ಬೇಕಾಯಿತು, ಎರಡನೆಯದಕ್ಕೆ ಇನ್ನೂ ಮೂರು. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಹದಿನಾರು ವರ್ಷದಿಂದ ಮೈಸೂರಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಮೊದಲ ಐದು ವರ್ಷ ಶೋ, ಕ್ಲಿನಿಕ್ ಎರಡೂ ನನ್ನ ಸ್ವಂತ ಹೆಸರಿನಲ್ಲೇ ನಡೆದವು. ಆಗ ಒಬ್ಬ ಶಿಕ್ಷಕಿ ಬಂದರು. ಸೂಜಿ ಕಂಡರೆ ಕಣ್ಣು ಕತ್ತಲೆ ಬರುವಷ್ಟು ಹೆದರಿಕೆ, ಥೈರಾಯ್ಡ್ ರಕ್ತಪರೀಕ್ಷೆಯನ್ನು ಎರಡು ವರ್ಷದಿಂದ ಮುಂದೂಡುತ್ತಿದ್ದರು. ಕುರ್ಚಿಯ ತುದಿಯಲ್ಲಿ ಕೂತು, ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ಅದರ ಜಿಪ್ಪನ್ನು ಎಳೆಯುವುದು, ಮುಚ್ಚುವುದು ಮಾಡುತ್ತಿದ್ದರು. ಕೊನೆಗೆ ಕೇಳಿದರು: "ಸರ್, ನಂಗೂ ಈರುಳ್ಳಿ ತಿನ್ನಿಸ್ತೀರಾ?"

ಅವರ ಮಗ ಮೊಬೈಲಿನಲ್ಲಿ ನನ್ನ ಶೋ ತೋರಿಸಿದ್ದ. ಹಸಿ ಈರುಳ್ಳಿಯನ್ನು ಸೇಬು ಎಂದು ಹೇಳಿ ಒಬ್ಬ ಹುಡುಗನಿಗೆ ತಿನ್ನಿಸುತ್ತಿದ್ದೆ, ಸಭೆ ನಗುತ್ತಿತ್ತು. ಕ್ಲಿನಿಕ್ಕಿನಲ್ಲಿ ಅಂಥದ್ದೇನೂ ಇರುವುದಿಲ್ಲ, ಎಚ್ಚರ ತಪ್ಪುವುದಿಲ್ಲ, ಬೇಡವೆನಿಸಿದ ಕ್ಷಣ ಕಣ್ಣು ಬಿಡಬಹುದು ಎಂದೆಲ್ಲ ವಿವರಿಸಿದೆ. ತಲೆಯಾಡಿಸಿದರು. ಆದರೆ ರೆಪ್ಪೆ ಭಾರವಾಗತೊಡಗಿದಾಗಲೆಲ್ಲ ಥಟ್ಟನೆ ಕಣ್ಣು ತೆರೆದು ನನ್ನ ಕೈ ನೋಡುತ್ತಿದ್ದರು, ಅದರಲ್ಲಿ ಏನಾದರೂ ಇದೆಯೇ ಎಂಬಂತೆ. ಎರಡು ಸಲ ಬಂದರು, ಮೂರನೇ ಸಲ ಬರಲಿಲ್ಲ. ಆ ರಕ್ತಪರೀಕ್ಷೆ ಇನ್ನೂ ತಡವಾಗಿದ್ದರೆ ಅದರಲ್ಲಿ ನನ್ನ ವಿಡಿಯೋದ ಪಾಲೂ ಇದೆ.

ವೇದಿಕೆಯ ಕೆಲಸ ಹೇಗೆ ನಡೆಯುತ್ತದೆ ಎಂಬುದು ನಿಮಗೂ ಗೊತ್ತು, ಆದರೂ ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಇನ್ನೂರು ಜನರ ಸಭೆಯಲ್ಲಿ ಎಲ್ಲರಿಗೂ ಬೆರಳು ಹೆಣೆದು ಬಿಗಿಯಾಗಿ ಹಿಡಿಯಲು ಹೇಳುತ್ತೇವೆ, ಕೈ ಬಿಡಿಸಲಾಗದು ಎಂದು ಸೂಚನೆ ಕೊಡುತ್ತೇವೆ. ನಿಜವಾಗಿಯೂ ಬಿಡಿಸಲಾಗದೆ ಉಳಿದವರನ್ನು ಮೇಲೆ ಕರೆಯುತ್ತೇವೆ, ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಜನರನ್ನು ಮೆಲ್ಲಗೆ ಕೆಳಗೆ ಕಳಿಸುತ್ತೇವೆ. ಉಳಿಯುವ ಐದಾರು ಮಂದಿ ಸೂಚನೆಗೆ ತುಂಬಾ ಚೆನ್ನಾಗಿ ಸ್ಪಂದಿಸುವವರು, ಜೊತೆಗೆ ಜನರೆದುರು ಆಡಲು ಒಪ್ಪಿ ಬಂದವರು. ಈ ಆಯ್ಕೆ ನಡೆದದ್ದು ಸಭೆಯ ಕಣ್ಣಿಗೆ ಬೀಳುವುದಿಲ್ಲ. ಕಾಣುವುದು ಒಂದೇ: ಅವನು ಹೇಳಿದ, ಇವರು ಮಾಡಿದರು. ಶಕ್ತಿ ನನ್ನದು ಎನ್ನಿಸಿದರೇನೇ ಶೋ ಗೆಲ್ಲುವುದು.

ಕ್ಲಿನಿಕ್ಕಿನಲ್ಲಿ ನಡೆಯುವುದು ಇದರ ತಲೆಕೆಳಗು. ಅಲ್ಲಿ ಆರಿಸಿಕೊಳ್ಳುವ ಹಾಗಿಲ್ಲ, ಬಂದವರೊಡನೆ ಕೆಲಸ. ಗಮನ ಅವರದು, ಕಲ್ಪನೆ ಅವರದು, ಹೆದರಿಕೆ ಇಳಿಸಿಕೊಳ್ಳುವವರೂ ಅವರೇ. ಇದು ನನ್ನದೇ ಎಂದು ಅವರಿಗೆ ಅನ್ನಿಸದಿದ್ದರೆ ಮನೆಗೆ ಹೋದ ಮೇಲೆ ಏನೂ ಉಳಿಯದು. ಒಂದೇ ಹೆಸರು ಸಂಜೆ ಒಂದು ಮಾತು ಕೊಟ್ಟು, ಮರುದಿನ ಬೆಳಿಗ್ಗೆ ಅದಕ್ಕೆ ತದ್ವಿರುದ್ಧವಾದ ಮಾತು ಕೊಟ್ಟರೆ ಜನ ನಂಬುವುದು ಸಂಜೆಯದನ್ನೇ, ಏಕೆಂದರೆ ಅದನ್ನು ಕಣ್ಣಾರೆ ಕಂಡಿದ್ದಾರೆ. ನಮ್ಮ ಕಡೆ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಸಮ್ಮೋಹನ ಎಂದೊಡನೆ ಜನರಿಗೆ ನೆನಪಾಗುವುದು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ 'ಸ್ತ್ರೀ ಪುರುಷ ವಶೀಕರಣ' ಚೀಟಿ. ಆ ಚೀಟಿಯ ನೆರಳಿನಿಂದ ಹೊರಬರಲು ನಾನು ಮೊದಲ ಭೇಟಿಯ ಅರ್ಧ ಗಂಟೆ ಕಳೆಯುತ್ತೇನೆ.

ಹೆಸರು ಬೇರೆ ಮಾಡುವ ಈ ಯೋಚನೆ ಹಿಪ್ನಾಟಿಸಂ ಎಂಬ ಪದದಷ್ಟೇ ಹಳೆಯದು. 1841ರ ನವೆಂಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಶಾರ್ಲ್ ಲಾಫೊಂಟೇನ್ ಎಂಬವರು ಮೆಸ್ಮರಿಸಂ, ಅಂದರೆ ಮೈಯ ಕಾಂತಶಕ್ತಿಯಿಂದ ಇನ್ನೊಬ್ಬರನ್ನು ಮಂಪರಿಗೆ ತರುತ್ತೇವೆ ಎನ್ನುವ ವಿದ್ಯೆಯ ಪ್ರದರ್ಶನ ಕೊಟ್ಟರು. ಅದನ್ನು ನೋಡಲು ಹೋದ ಸರ್ಜನ್ ಜೇಮ್ಸ್ ಬ್ರೇಡ್‌ಗೆ ಇದೆಲ್ಲ ಮೋಸವೇ ಇರಬೇಕೆಂಬ ಅನುಮಾನ. ಆದರೆ ವೇದಿಕೆಯ ಮೇಲೆ ಮಂಪರಿಗೆ ಒಳಗಾದ ವ್ಯಕ್ತಿಗೆ ನಿಜಕ್ಕೂ ಕಣ್ಣು ತೆರೆಯಲಾಗುತ್ತಿಲ್ಲ ಎಂಬುದು ಅವರ ಗಮನ ಸೆಳೆಯಿತು. ತಾವೇ ಪ್ರಯೋಗ ಮಾಡಿ ನೋಡಿದರು. ಆಪರೇಷನ್ ಚೂರಿಯ ಹೊಳೆಯುವ ಡಬ್ಬಿಯನ್ನು ಕಣ್ಣಿಗಿಂತ ತುಸು ಮೇಲೆ ಹಿಡಿದು ಅದನ್ನೇ ದಿಟ್ಟಿಸಲು ಹೇಳುತ್ತಿದ್ದರು. ಪ್ರದರ್ಶಕನ ಮೈಯಿಂದ ಯಾವ ಕಾಂತಶಕ್ತಿಯೂ ಹರಿಯುವುದಿಲ್ಲ ಎಂದು ಖಚಿತವಾದ ಮೇಲೆ ಹಳೆಯ ಪದ ಬಿಟ್ಟು ಹೊಸದನ್ನು ಬಳಕೆಗೆ ತಂದರು, 1843ರಲ್ಲಿ ಪುಸ್ತಕವನ್ನೂ ಬರೆದರು. ತಾನು ಇದನ್ನು ಮೊದಲು ಕಂಡದ್ದು ಒಂದು ಪ್ರದರ್ಶನದಲ್ಲಿ ಎಂಬುದನ್ನು ಬ್ರೇಡ್ ಮರೆಮಾಚಲಿಲ್ಲ. ಅವರ ಬಗ್ಗೆ ನನಗೆ ತುಂಬಾ ಗೌರವ ಇರುವುದು ಈ ಕಾರಣಕ್ಕೆ.

ನಾನು ತಪ್ಪಿದ್ದು ಅಲ್ಲೇ. ಶಿಕ್ಷಕಿಯ ಪ್ರಸಂಗದ ನಂತರ ವೇದಿಕೆಗೆ ಬೇರೆ ಹೆಸರಿಟ್ಟೆ, ಹಳೆಯ ವಿಡಿಯೋ ತೆಗೆಸಿದೆ, ಕ್ಲಿನಿಕ್ಕಿನಲ್ಲಿ ಶೋ ಸುದ್ದಿಯನ್ನೇ ಎತ್ತಲಿಲ್ಲ. ಮೂರು ವರ್ಷ ಹಾಗೇ ನಡೆಯಿತು. ಆಮೇಲೆ ದಾವಣಗೆರೆಯಲ್ಲಿ ಒಂದು ಕಂಪನಿಯ ವಾರ್ಷಿಕೋತ್ಸವ. ವೇದಿಕೆಯ ಮೇಲೆ ಆರು ಜನರನ್ನು ಕೂರಿಸಿ, "ಹತ್ತು... ಉಸಿರು ಬಿಡಿ... ಒಂಬತ್ತು..." ಎಂದು ಇಳಿಯುತ್ತಿದ್ದೆ. ಮೂರನೇ ಸಾಲಿನಲ್ಲಿ ಒಬ್ಬರ ಗದ್ದ ಎದೆಗೆ ತಾಗಿತು. ಪಕ್ಕದಲ್ಲಿದ್ದ ಹೆಂಡತಿ ಭುಜ ಹಿಡಿದು ಅಲುಗಿಸಿದರು, ಅವರು ಏಳಲಿಲ್ಲ. ಅವರು ನಿದ್ರೆ ಬಾರದೆಂದು ನನ್ನ ಬಳಿ ಎರಡು ತಿಂಗಳು ಬಂದಿದ್ದವರು. ಕ್ಲಿನಿಕ್ಕಿನಲ್ಲಿ ನಾನು ಅವರಿಗೆ ಅಭ್ಯಾಸ ಮಾಡಿಸಿದ್ದು ಇದೇ ಎಣಿಕೆ, ಇದೇ ದನಿಯಲ್ಲಿ. ಶೋ ನಿಲ್ಲಿಸಿ ಕೆಳಗಿಳಿದು ಹೋಗಿ ನಿಧಾನಕ್ಕೆ ಎಚ್ಚರಕ್ಕೆ ತಂದೆ. ಸುತ್ತಲಿದ್ದವರು ಇದೂ ಆಟದ ಭಾಗವೆಂದು ಚಪ್ಪಾಳೆ ತಟ್ಟಿದರು. ಅವರು ಕಣ್ಣು ಬಿಟ್ಟು, ಪೋಸ್ಟರಿನ ಹೆಸರು ನೋಡಿ, ನನ್ನ ಮುಖ ನೋಡಿ, "ಇದು ನೀವು ಅಂತ ಹೇಳಿದ್ರೆ ನಾನು ಹೊರಗಿರ್ತಿದ್ದೆ" ಎಂದರು. ಸಹೋದ್ಯೋಗಿಗಳ ಎದುರು ಅವರ ಮುಖ ಕೆಂಪಾದದ್ದು ನನಗೆ ಇವತ್ತಿಗೂ ಮರೆಯಲಾಗಿಲ್ಲ.

ಹೆಸರು ಬದಲಾದರೂ ಗಂಟಲು ಬದಲಾಗಿರಲಿಲ್ಲ. ಅಂದಿನಿಂದ ಕ್ಲಿನಿಕ್ಕಿನ ಒಪ್ಪಿಗೆ ಪತ್ರದಲ್ಲಿ ಎರಡು ಸಾಲು ಸೇರಿಸಿದ್ದೇನೆ: ನಾನು ಇಂಥ ಹೆಸರಿನಲ್ಲಿ ಮನರಂಜನಾ ಪ್ರದರ್ಶನ ಕೊಡುತ್ತೇನೆ, ನೀವು ಅಲ್ಲಿಗೆ ಬರುವುದಾದರೆ ಮುಂಚೆ ತಿಳಿಸಿ, ವೇದಿಕೆ ಏರಬೇಡಿ. ಓದಿ ಎದ್ದು ಹೋದವರು ಇದ್ದಾರೆ. ಹೋಗಲಿ, ಅದು ಅವರ ಹಕ್ಕು. ವಿಧಾನವನ್ನೂ ಬೇರೆ ಮಾಡಿದೆ: ಉಸಿರಿನ ಎಣಿಕೆ ಕ್ಲಿನಿಕ್ಕಿಗೆ ಮಾತ್ರ, ವೇದಿಕೆಯಲ್ಲಿ ಎಣಿಸುವುದೇ ಇಲ್ಲ.

ಬ್ರಿಟನ್ನಿನಲ್ಲಿ ಇಂಥ ಪ್ರದರ್ಶನಕ್ಕೆ 1952ರಿಂದಲೂ ಪ್ರತ್ಯೇಕ ಕಾಯ್ದೆ ಇದೆ. 1996ರಲ್ಲಿ ಅವರ ಗೃಹ ಇಲಾಖೆ ಹೊರಡಿಸಿದ ಮಾದರಿ ಷರತ್ತುಗಳಲ್ಲಿ ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವ ಎರಡು ಅಂಶಗಳಿವೆ. ಪರವಾನಗಿ ಕೇಳುವವರು ನಿಜ ಹೆಸರು, ವೇದಿಕೆಯ ಹೆಸರು ಎರಡನ್ನೂ ಕೊಡಬೇಕು. ಪ್ರದರ್ಶನದಲ್ಲಿ ಯಾವ ಬಗೆಯ ಚಿಕಿತ್ಸೆಯನ್ನೂ ಮಾಡಕೂಡದು. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ, ಆ ಷರತ್ತುಗಳನ್ನು ನಮಗೆ ನಾವೇ ಹಾಕಿಕೊಳ್ಳಬೇಕು.

ಎರಡು ಹೆಸರು ಎಂದರೆ ಕಳ್ಳತನ ಎಂಬ ಅಳುಕು ನಿಮಗಿದ್ದರೆ ಬಿಡಿ. ಬೆಂಗಳೂರಿನಲ್ಲಿ ವೈದ್ಯರಾಗಿದ್ದ ಡಾ. ಎಂ. ಶಿವರಾಂ 1942ರಲ್ಲಿ 'ಕೊರವಂಜಿ' ಹಾಸ್ಯ ಪತ್ರಿಕೆ ಶುರು ಮಾಡಿ 'ರಾಶಿ' ಹೆಸರಿನಲ್ಲಿ ನಾಡನ್ನು ನಗಿಸಿದರು. ಅವರೇ ಮನಸ್ಸಿನ ಕುರಿತು ಗಂಭೀರವಾಗಿ ಬರೆದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ರಾಶಿ ಯಾರು ಎಂಬುದು ಕನ್ನಡಿಗರಿಗೆ ಗುಟ್ಟಾಗಿರಲಿಲ್ಲ. ಆದರೂ ನಗಿಸುವಾಗ ಒಂದು ಹೆಸರು, ಔಷಧಿ ಬರೆಯುವಾಗ ಇನ್ನೊಂದು.

ವೇದಿಕೆಯ ಹೆಸರಿನ ಹಿಂದೆ 'ಡಾ.', 'ಪ್ರೊ.' ಹಾಕಬೇಡಿ, ಅದು ಈ ಕಲೆಯ ಹಳೆಯ ಚಾಳಿಯಾದರೂ ಸರಿ. ಕ್ಲಿನಿಕಲ್ ಸೈಕಾಲಜಿಸ್ಟರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಮಂಡಳಿಯ (ಆರ್‌ಸಿಐ) ನೋಂದಣಿ ಇರುವುದು ನಿಮ್ಮ ನಿಜ ಹೆಸರಿಗೆ, ವರದಿಗೆ ಸಹಿ ಹಾಕಬೇಕಾದ್ದೂ ಆ ಹೆಸರಿನಲ್ಲೇ. ಫೋನ್ ನಂಬರೂ ಬೇರೆ ಇರಲಿ. ಶೋ ಬುಕ್ ಮಾಡಲು ಕರೆಯುವವರೂ ರಾತ್ರಿ ಹನ್ನೊಂದಕ್ಕೆ ಎದೆ ಹಿಡಿದುಕೊಂಡಂತಾಗಿ ಕರೆಯುವವರೂ ಒಂದೇ ನಂಬರಿಗೆ ಬಂದರೆ ಯಾರಿಗೂ ಸರಿಯಾದ ಉತ್ತರ ಸಿಗುವುದಿಲ್ಲ.

ಶೋ ಮುಗಿದ ಮೇಲೆ ಯಾರಾದರೂ ಚಿಕಿತ್ಸೆ ಕೇಳಿದರೆ ಏನು ಮಾಡುವುದು ಎಂದೂ ಕೇಳಿದ್ದೀರಿ. ಹೋದ ವರ್ಷ ಒಂದು ಕಾಲೇಜಿನಲ್ಲಿ, ಎಲ್ಲರೂ ಸೆಲ್ಫಿಗೆ ಮುಗಿಬೀಳುತ್ತಿದ್ದಾಗ, ಒಬ್ಬ ಹುಡುಗಿ ಪರದೆಯ ಪಕ್ಕ ಕಾದು ನಿಂತಿದ್ದಳು. ಅಪ್ಪ ತೀರಿಕೊಂಡ ಮೇಲೆ ನಿದ್ರೆಯಿಲ್ಲ, ಆ ಹುಡುಗರನ್ನು ಮಲಗಿಸಿದ ಹಾಗೆ ನನ್ನನ್ನೂ ಮಲಗಿಸಿ ಎಂದಳು. ನನ್ನ ಜೇಬಿನಲ್ಲಿ ಕ್ಲಿನಿಕ್ಕಿನ ಕಾರ್ಡ್ ಇತ್ತು, ಕೊಡಲಿಲ್ಲ. ನಾನು ಯಾರು, ಹಗಲು ಏನು ಮಾಡುತ್ತೇನೆ ಎಂದು ಹೇಳಿದೆ. ಈಗ ನೋಡಿದ್ದಕ್ಕೂ ಅವಳಿಗೆ ಬೇಕಾಗಿರುವುದಕ್ಕೂ ಸಂಬಂಧವಿಲ್ಲ ಎಂದೆ. ಕಾರ್ಯಕ್ರಮದ ಕರಪತ್ರದ ಹಿಂದೆ, ನನ್ನ ಶೋ ಒಂದನ್ನೂ ನೋಡಿರದ ಸಹೋದ್ಯೋಗಿಯೊಬ್ಬರ ನಂಬರ್ ಬರೆದುಕೊಟ್ಟೆ, ಅವಳ ಎದುರಿಗೇ ಅವರಿಗೆ ಫೋನ್ ಮಾಡಿ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಸಮಯ ಗೊತ್ತುಮಾಡಿದೆ.