ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ: ಕಿಮ್ ಜೊಂಗ್ ಇಲ್ ಹುಟ್ಟಿದ್ದೆಲ್ಲಿ?

ಪ್ರಶ್ನೆ: ಮಗಳಿಗೆ ಶಾಲೆಯಲ್ಲಿ ಉತ್ತರ ಕೊರಿಯಾದ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅಲ್ಲಿನ ನಾಯಕನಾಗಿದ್ದ ಕಿಮ್ ಜೊಂಗ್ ಇಲ್ 1942ರಲ್ಲಿ ಕೊರಿಯಾದ ಪೇಕ್ಟು ಬೆಟ್ಟದಲ್ಲಿ ಹುಟ್ಟಿದ ಅಂತ ಒಂದು ಕಡೆ ಇದೆ. 1941ರಲ್ಲಿ ರಷ್ಯಾದಲ್ಲಿ ಅಂತ ಇನ್ನೊಂದು ಕಡೆ. ಯಾವುದನ್ನು ಬರೆಸಲಿ?
– ಓದುಗರೊಬ್ಬರು, ಸಾಗರ

ಉತ್ತರ: ಎರಡನ್ನೂ ಬರೆಸಿ ತಾಯಿ. ಆದರೆ ಯಾವ ಮಾತನ್ನು ಯಾರು ಹೇಳಿದ್ದು ಅನ್ನುವುದನ್ನೂ ಪಕ್ಕದಲ್ಲೇ ಬರೆಸಿ. ಇತಿಹಾಸದ ಮೇಷ್ಟ್ರಾಗಿದ್ದಾಗ ನಾನು ಮಕ್ಕಳಿಗೆ ಜಾಸ್ತಿ ಒತ್ತಿ ಹೇಳುತ್ತಿದ್ದುದು ಇದನ್ನೇ.

1942ರ ಫೆಬ್ರವರಿ 16, ಪೇಕ್ಟು ಬೆಟ್ಟದ ಗುಪ್ತ ಶಿಬಿರ. ಇದು ಉತ್ತರ ಕೊರಿಯಾ ಸರ್ಕಾರದ ಮಾತು. ಆಗ ಆಕಾಶದಲ್ಲಿ ಹೊಸ ನಕ್ಷತ್ರ, ಜೋಡಿ ಕಾಮನಬಿಲ್ಲು ಕಂಡವು ಅಂತಲೂ ಅಲ್ಲಿ ಹೇಳುತ್ತಾರೆ. 1941, ರಷ್ಯಾದ ಖಬರೋವ್ಸ್ಕ್ ಹತ್ತಿರದ ವ್ಯಾಟ್ಸ್ಕೊಯೆ ಹಳ್ಳಿ. ಇದು ಸೋವಿಯತ್ ದಾಖಲೆಗಳ ಮಾತು. ನಾನು ನಂಬುವುದು ಎರಡನೆಯದನ್ನು. ಅಪ್ಪ ಆಗ ಎಲ್ಲಿದ್ದ ಅಂತ ನೋಡಿದರೆ ಸಾಕು. ಅಪ್ಪ ಅಂದರೆ ಕಿಮ್ ಇಲ್ ಸುಂಗ್, ಮುಂದೆ ಉತ್ತರ ಕೊರಿಯಾದ ಮೊದಲ ನಾಯಕನಾದವನು. ಅವನು ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾದಲ್ಲಿ ಜಪಾನೀಯರ ವಿರುದ್ಧ ಗೆರಿಲ್ಲಾ ಯುದ್ಧ ಮಾಡುತ್ತಿದ್ದವನು. ಜಪಾನೀ ಸೈನ್ಯದ ಹೊಡೆತ ತಾಳಲಾರದೆ 1940ರ ಕೊನೆಗೆ ಗಡಿ ದಾಟಿ ಸೋವಿಯತ್ ನೆಲ ಸೇರಿದ. ಆಮೇಲೆ ಸೋವಿಯತ್ ಕೆಂಪು ಸೇನೆಯ 88ನೇ ಬ್ರಿಗೇಡಿನಲ್ಲಿ ಕ್ಯಾಪ್ಟನ್ ಆದ. ಈಗ ಉತ್ತರ ಕೊರಿಯಾದ ರಾಜಧಾನಿಯಾಗಿರುವ ಪ್ಯೊಂಗ್‌ಯಾಂಗಿಗೆ ಬಂದದ್ದು ಯುದ್ಧ ಮುಗಿದ ಮೇಲೆ, 1945ರಲ್ಲಿ. ಹೆಂಡತಿ ಕಿಮ್ ಜೊಂಗ್ ಸುಕ್ ಕೂಡ ಅವನ ಜೊತೆಗೇ ಇದ್ದಳು. ಹುಡುಗನನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದುದು ಯೂರಾ ಅಂತ, ಅಪ್ಪಟ ರಷ್ಯನ್ ಹೆಸರು.

ಹಾಗಾದರೆ ಪೇಕ್ಟು ಯಾಕೆ ಬಂತು? ಕೊರಿಯನ್ನರಿಗೆ ಅದು ಪವಿತ್ರ ಬೆಟ್ಟ. ಅವರ ಮೂಲಪುರುಷ ದಾನ್‌ಗುನ್‌ನ ಕಥೆಗೂ ಅದಕ್ಕೂ ನಂಟು. ಸ್ವಾವಲಂಬನೆಯೇ ನಮ್ಮ ಸಿದ್ಧಾಂತ ಅನ್ನುವ ದೇಶದ ನಾಯಕ ಪರದೇಶದ ಸೈನ್ಯದ ಶಿಬಿರದಲ್ಲಿ ಹುಟ್ಟಿದ ಅಂದರೆ ಚೆನ್ನಾಗಿರುತ್ತಾ? 1980ರ ಪಕ್ಷದ ಮಹಾಧಿವೇಶನದಲ್ಲಿ ಇವನೇ ಮುಂದಿನ ವಾರಸುದಾರ ಅನ್ನುವುದು ಎಲ್ಲರಿಗೂ ತಿಳಿಯಿತು. ಅದೇ ದಶಕದಲ್ಲಿ ಬೆಟ್ಟದಲ್ಲಿ ಮರದ ದಿಮ್ಮಿಗಳ ಮನೆಯೊಂದು ಎದ್ದಿತು. ಇದೇ ಅವನು ಹುಟ್ಟಿದ ಮನೆ ಅಂದರು. ಹಿಂದಿನ ಶಿಖರಕ್ಕೆ ಅವನ ಹೆಸರಿಟ್ಟು, ಬಂಡೆಯ ಮೇಲೆ ದೈತ್ಯಾಕಾರದ ಕೆಂಪಕ್ಷರದಲ್ಲಿ ಬರೆಸಿದರು.

ವರ್ಷದ ಲೆಕ್ಕವನ್ನೂ ನೋಡಿ. ಅಪ್ಪ ಹುಟ್ಟಿದ್ದು 1912ರಲ್ಲಿ. ಮಗ 1942 ಅಂದರೆ ಸರಿಯಾಗಿ 30 ವರ್ಷ ಅಂತರ. 1982ರಲ್ಲಿ ಅಪ್ಪನಿಗೆ 70, ಮಗನಿಗೆ 40. ಎರಡೂ ಹಬ್ಬ ಒಂದೇ ವರ್ಷ! ನಮ್ಮ ಹಳ್ಳಿ ಶಾಲೆಗಳ ದಾಖಲಾತಿ ಪುಸ್ತಕ ತೆಗೆದರೆ ಅರ್ಧ ಊರು ಜೂನ್ 1ಕ್ಕೇ ಹುಟ್ಟಿರುತ್ತದೆ, ಅಲ್ವಾ? ಅದು ಮಗುವನ್ನು ಶಾಲೆಗೆ ಸೇರಿಸಲು ಬರೆದ ತಾರೀಕು. ಅದನ್ನು ಯಾರಾದರೂ ತಿದ್ದಿಸಿದರೆ ಜೈಲಿಗೆ ಹಾಕುವುದಿಲ್ಲ. ಅಲ್ಲಿ ಹಾಗಲ್ಲ. ನಾಯಕನ ಹುಟ್ಟಿನ ಬಗ್ಗೆ ಅನುಮಾನ ಎತ್ತುವ ಸ್ವಾತಂತ್ರ್ಯ ಯಾರಿಗೂ ಇಲ್ಲ.

ಪ್ರಶ್ನೆ: ಕಿಮ್ ಜೊಂಗ್ ಇಲ್ ಮೊದಲ ಸಲ ಗಾಲ್ಫ್ ಆಡಿದಾಗಲೇ 11 ಸಲ ಒಂದೇ ಏಟಿಗೆ ಚೆಂಡನ್ನು ಕುಳಿಗೆ ಹಾಕಿದನಂತೆ. ಅಲ್ಲಿನ ಪತ್ರಿಕೆಗಳು ಹಾಗೆ ಬರೆದದ್ದು ನಿಜವೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇಲ್ಲ ಅಂತಲೇ ಕಾಣುತ್ತದೆ. 1994ರಲ್ಲಿ ಅಲ್ಲಿಗೆ ಹೋಗಿದ್ದ ಆಸ್ಟ್ರೇಲಿಯಾದ ಪತ್ರಕರ್ತರೊಬ್ಬರಿಗೆ ಗಾಲ್ಫ್ ಕ್ಲಬ್ಬಿನವರು ಹೇಳಿದ ಮಾತು ಅದು. ಆಗ 5 ಇದ್ದದ್ದು ಬಾಯಿಂದ ಬಾಯಿಗೆ ದಾಟಿ 11 ಆಯಿತು. ಉತ್ತರ ಕೊರಿಯಾದ ಪತ್ರಿಕೆಯಲ್ಲಿ ಬಂದ ಅಂಥ ವರದಿಯನ್ನು ಈವರೆಗೆ ಯಾರೂ ತೋರಿಸಿಲ್ಲ. ಸರ್ವಾಧಿಕಾರಿಯ ಮೇಲೆ ಏನು ಹೇಳಿದರೂ ನಡೆಯುತ್ತದೆ ಅಂತ ಸುಮ್ನೆ ಹರಡುವುದು ನನಗೆ ಒಪ್ಪಿಗೆಯಿಲ್ಲ. ಅವನ ಕಾಲದಲ್ಲೇ, 1990ರ ದಶಕದ ನಡುವೆ, ಬರಗಾಲಕ್ಕೆ ಲಕ್ಷಾಂತರ ಜನ ಸತ್ತರು. ಯೊಡೊಕ್‌ನಂಥ ರಾಜಕೀಯ ಕೈದಿಗಳ ಶಿಬಿರಗಳಲ್ಲಿ ಇಡೀ ಕುಟುಂಬಗಳನ್ನೇ ಕೂಡಿಹಾಕಿದರು. ಬದುಕಿ ಹೊರಬಂದವರೇ ಅದಕ್ಕೆ ಸಾಕ್ಷಿ ಹೇಳಿದ್ದಾರೆ. ಗಾಲ್ಫ್ ಕಥೆಗೆ ನಗುವವರಿಗೆ ಇದು ನೆನಪೇ ಆಗುವುದಿಲ್ಲ. ನನ್ನ ಸಿಟ್ಟು ಅದಕ್ಕೆ.

ಪ್ರಶ್ನೆ: ಕಿಮ್ ಜೊಂಗ್ ಇಲ್ ಸತ್ತದ್ದು ರೈಲಿನಲ್ಲೇ?
– ಓದುಗರೊಬ್ಬರು, ಮೈಸೂರು

ಉತ್ತರ: 2011ರ ಡಿಸೆಂಬರ್ 17ರ ಬೆಳಿಗ್ಗೆ, ಪ್ರವಾಸದಲ್ಲಿದ್ದಾಗ ರೈಲಿನಲ್ಲೇ ಹೃದಯಾಘಾತವಾಯಿತು ಅಂತ ಸರ್ಕಾರ ಹೇಳಿತು. ಅವನ ರೈಲು ಆಗ ಪ್ಯೊಂಗ್‌ಯಾಂಗಿನ ನಿಲ್ದಾಣದಿಂದ ಕದಲಿಯೇ ಇರಲಿಲ್ಲ ಅಂತ ದಕ್ಷಿಣ ಕೊರಿಯಾದ ಗುಪ್ತಚರ ಮುಖ್ಯಸ್ಥರು ಅಲ್ಲಿನ ಸಂಸದರಿಗೆ ತಿಳಿಸಿದರು. ದೇಶದ ಜನಕ್ಕೆ ಸಾವಿನ ಸುದ್ದಿ ಗೊತ್ತಾದದ್ದು 19ರ ಮಧ್ಯಾಹ್ನ, ಟಿ.ವಿ.ಯಲ್ಲಿ.