ಎರಡನೇ ಕ್ಲಾಸ್ ಮಗುಗೆ ಕನ್ನಡ ಓದೋದು ಬರೆಯೋದು ಕಲಿಸೋಕೆ ಆನ್‌ಲೈನಲ್ಲಿ ಏನೇನಿದೆ?

ನಿಮ್ಮ ಪ್ರಶ್ನೆ ಓದಿದೆ. ಪುಣೆಯಲ್ಲಿದ್ದೀರಾ, ಮಗಳು ಎರಡನೇ ಕ್ಲಾಸು, ಇಂಗ್ಲಿಷ್ ಮೀಡಿಯಂ, ಮನೇಲಿ ಕನ್ನಡ ಪಟಪಟ ಅಂತ ಮಾತಾಡ್ತಾಳೆ ಆದ್ರೆ ಅಕ್ಷರ ಬರಲ್ಲ, ಒಂದೆರಡು ವರ್ಷದಲ್ಲಿ ಮೈಸೂರಿಗೆ ವಾಪಸ್ ಬರೋ ಯೋಚನೆ ಇದೆ, ಅಷ್ಟರೊಳಗೆ ಫೋನಲ್ಲೋ ಲ್ಯಾಪ್‌ಟಾಪಲ್ಲೋ ಏನು ಓದಿಸಲಿ ಅಂತ ಕೇಳಿದ್ದೀರಾ. ನಾನು ಸರ್ಕಾರಿ ಶಾಲೇಲಿ ನಲಿಕಲಿ ಟೀಚರ್, ಅಂದ್ರೆ ಚಿಕ್ಕ ಮಕ್ಕಳಿಗೆ ಆಟ-ಚಟುವಟಿಕೆ ಮೂಲಕ ಕಲಿಸೋ ಪದ್ಧತಿ, ದಿನಾ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳ ಜೊತೆನೇ ಇರೋದು, ಹಂಗಾಗಿ ಸ್ವಲ್ಪ ಉದ್ದನೇ ಬರೀತೀನಿ.

ಮೊದಲನೇದಾಗಿ ಆಪ್ ಜಾಸ್ತಿ ಹಾಕ್ಕೋಬೇಡಿ. ಕನ್ನಡ ವರ್ಣಮಾಲೆ ಅಂತ ಹುಡುಕಿದ್ರೆ ರಾಶಿ ಬರುತ್ತೆ, ಅ ಅಂದ್ರೆ ಅರಸ, ಆ ಅಂದ್ರೆ ಆನೆ, ಮುಟ್ಟಿದ್ರೆ ಸೌಂಡು, ಬಲೂನ್ ಒಡೆಯೋದು. ಮಗು ಖುಷಿಯಾಗಿ ಆಡುತ್ತೆ, ಅಕ್ಷರಾನೂ ಗುರುತು ಹಿಡಿಯುತ್ತೆ, ಆದ್ರೆ ಎರಡು ಅಕ್ಷರ ಕೂಡಿಸಿ ಪದ ಓದು ಅಂದ್ರೆ ನಿಮ್ಮ ಮುಖ ನೋಡುತ್ತೆ. ಓದು ಬರೋದು ಕಥೆ ಓದಿ, ಅದೇ ಕಥೇನ ಮತ್ತೆ ಮತ್ತೆ ಓದಿ, ಪಕ್ಕದಲ್ಲಿ ದೊಡ್ಡೋರು ಒಬ್ರು ಕೂತು ಬೆರಳಿಟ್ಟು ಓದಿಸಿದಾಗ. ಆನ್‌ಲೈನಲ್ಲಿ ಸಿಗೋದ್ರಲ್ಲಿ ನಮಗೆ ಬೇಕಿರೋದು ಆ ಕಥೆ, ಅಷ್ಟೇ.

ಅಕ್ಷರ ಯಾವ ಕ್ರಮದಲ್ಲಿ ಕಲಿಸ್ಬೇಕು ಅನ್ನೋದನ್ನ ಯಾರೂ ಸರಿಯಾಗಿ ಹೇಳಲ್ಲ, ಅದನ್ನ ಇಲ್ಲಿ ಹೇಳ್ಬಿಡ್ತೀನಿ. ಅ ಆ ಇ ಈ ಇಂದ ಳ ತನಕ ಪೂರ್ತಿ ಬಾಯಿಪಾಠ ಮಾಡಿಸಿ ಆಮೇಲೆ ಪದಕ್ಕೆ ಹೋಗೋದು ತುಂಬಾ ನಿಧಾನದ ದಾರಿ. ನಲಿಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಲ್ಲಿ ಯುನಿಸೆಫ್ ನೆರವಿಂದ ಶುರುವಾಗಿದ್ದು, ಆಂಧ್ರದ ರಿಷಿವ್ಯಾಲಿಯವರ ಶಾಲೆಗಳನ್ನ ನೋಡ್ಕೊಂಡು ಬಂದ ನಮ್ಮ ಮೇಷ್ಟ್ರುಗಳೇ ಸೇರಿ ಕಟ್ಟಿದ್ದು. ಅದ್ರಲ್ಲಿ ಮೊದಲು ಬರೋ ಅಕ್ಷರ ರ ಗ ಸ ದ ಅ. ಯಾಕೆ ಅಂದ್ರೆ ಈ ಐದೇ ಅಕ್ಷರದಲ್ಲಿ ಅರಸ, ಅಗಸ, ಸರ, ದರ, ಗರಗಸ, ಸರಸರ ಎಲ್ಲಾ ಓದಬಹುದು, ಗದಗ ಊರಿನ ಹೆಸರೂ ಬರುತ್ತೆ, ಬಸ್ ಬೋರ್ಡಲ್ಲಿ ನೋಡಿದ್ರೆ ಮಗು ಕಿರುಚುತ್ತೆ ಓದಿದೆ ಓದಿದೆ ಅಂತ. ಬರೆಯೋಕೂ ರ ದಿಂದಾನೇ ಕೈ ತಿರುಗುತ್ತೆ, ರ ಬರೆಯೋಕೆ ಬಂದ್ರೆ ದ ದೂರ ಇಲ್ಲ. ಆಮೇಲೆ ಜ ವ ಮ ಬ ನ, ಆಗ ಮರ, ಜನ, ನಗರ, ಬಸವ ಎಲ್ಲಾ ಓದ್ತಾಳೆ. ಹಿಂಗೆ ಮೊದಲನೇ ವಾರಾನೇ ಪದ ಓದಿದ ಮಗುಗೆ ಬರೋ ಧೈರ್ಯ ಬೇರೆ. ನೀವೂ ಇದೇ ಕ್ರಮ ಹಿಡೀರಿ.

ನಿಮ್ಮ ಮಗಳಿಗೆ ಇನ್ನೊಂದು ಅನುಕೂಲ ಇದೆ, ನೀವು ಅದನ್ನ ಗಮನಿಸಿಲ್ಲ ಅನ್ಸುತ್ತೆ. ಪುಣೆ ಶಾಲೇಲಿ ಮರಾಠಿ ಇರುತ್ತೆ, ದೇವನಾಗರಿ ಕಲಿತಿರ್ತಾಳೆ. ಕ ಖ ಗ ಘ ಕ್ರಮ ಅದೇ, ಕಾಗುಣಿತದ ಲೆಕ್ಕಾಚಾರ ಅದೇ, ಬರೀ ಆಕಾರ ಬೇರೆ. ಹಂಗಾಗಿ ಹೊಸದಾಗಿ ಹೇಳ್ಕೊಡ್ಬೇಕಾಗಿರೋದು ಎರಡೇ ವಿಷಯ. ಒಂದು, ಮರಾಠೀಲಿ ಇಲ್ಲದ ಎ ಮತ್ತೆ ಒ, ಅಂದ್ರೆ ಎ ಏ ಬೇರೆ, ಒ ಓ ಬೇರೆ, ಕೆರೆ ಕೇರಿ, ಕೊಡು ಕೋಡು ಅಂತ ಜೋಡಿ ಜೋಡಿಯಾಗಿ ಹೇಳ್ಸಿ. ಮಾತಲ್ಲಿ ಅವಳಿಗೆ ಈ ವ್ಯತ್ಯಾಸ ಆಗಲೇ ಗೊತ್ತು, ಬರವಣಿಗೇಲಿ ಮಾತ್ರ ತೋರಿಸ್ಬೇಕು. ಎರಡು, ಒತ್ತಕ್ಷರ. ದೇವನಾಗರೀಲಿ ಅರ್ಧ ಅಕ್ಷರ ಸಾಮಾನ್ಯವಾಗಿ ಮುಂದೆ ಬರುತ್ತೆ, ನಮ್ಮಲ್ಲಿ ಎರಡನೇ ಅಕ್ಷರ ಕೆಳಗೆ ಹೋಗುತ್ತೆ. ಅಜ್ಜ, ಅಕ್ಕ, ಹಬ್ಬ ಇಂಥವು ಮೊದಲು, ಯಾಕಂದ್ರೆ ಕೆಳಗಿರೋದು ಮೇಲಿನ ಅಕ್ಷರದ ಥರಾನೇ ಕಾಣುತ್ತೆ. ತ, ನ, ಮ, ಯ, ರ, ಲ ಇವುಗಳ ಒತ್ತು ಮಾತ್ರ ಮೂಲ ಅಕ್ಷರದ ಥರ ಇರಲ್ಲ, ಅಮ್ಮ, ಅನ್ನ, ಬೆಲ್ಲ, ಹತ್ತು ಅಂತ ಅವನ್ನ ಬೇರೆಯಾಗಿ ಕೂರಿಸ್ಕೊಂಡು ಹೇಳ್ಕೊಡಿ, ನಮ್ಮ ಕ್ಲಾಸಲ್ಲೂ ಮಕ್ಕಳು ತಡವರಿಸೋದು ಇಲ್ಲೇ. ಸೂರ್ಯ, ಕಾರ್ಯ ಇವುಗಳಲ್ಲಿರೋ ಅರ್ಕಾವತ್ತು ಕೊನೆಗೆ ಇಟ್ಕೊಳ್ಳಿ, ಅವಸರ ಬೇಡ.

ಈಗ ಕಥೆ ಎಲ್ಲಿ ಸಿಗುತ್ತೆ ಅಂದ್ರೆ, ನಾನು ಮೊದಲು ಹೇಳೋದು ಸ್ಟೋರಿವೀವರ್. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸೈಟು, ದುಡ್ಡಿಲ್ಲ, ಜಾಹೀರಾತು ಇಲ್ಲ, ಲಾಗಿನ್ ಆಗದೇನೂ ಓದಬಹುದು. ಭಾಷೆ ಕನ್ನಡ ಅಂತ ಆರಿಸ್ಕೊಂಡು ಲೆವೆಲ್ ಆರಿಸ್ಕೋಬೇಕು, ನಾಲ್ಕು ಲೆವೆಲ್ ಇದೆ. ಒಂದನೇ ಲೆವೆಲ್ಲಲ್ಲಿ ಒಂದು ಪುಟಕ್ಕೆ ಒಂದೋ ಎರಡೋ ಸಾಲು, ಬಂದ ಪದಾನೇ ಮತ್ತೆ ಬರುತ್ತೆ, ಚಿತ್ರ ದೊಡ್ಡದು. ನಿಮ್ಮ ಮಗಳು ಎರಡನೇ ಕ್ಲಾಸ್ ಅಂತ ಎರಡನೇ ಲೆವೆಲ್ಲಿಗೆ ಹೋಗ್ಬೇಡಿ, ಒಂದರಿಂದಾನೇ ಶುರು ಮಾಡಿ, ಲೆವೆಲ್ಲಿಗೂ ಕ್ಲಾಸಿಗೂ ಸಂಬಂಧ ಇಲ್ಲ. ಒಂದು ವಿಷಯ ನೋಡ್ಕೊಳ್ಳಿ, ಅಲ್ಲಿ ಯಾರು ಬೇಕಾದ್ರೂ ಅನುವಾದ ಮಾಡಿ ಹಾಕಬಹುದು, ಹಂಗಾಗಿ ಕೆಲವು ಕಥೆ ಕನ್ನಡ ಸರಾಗವಾಗಿರಲ್ಲ, ನೀವೇ ಮೊದಲು ಒಂದ್ಸಲ ಗಟ್ಟಿಯಾಗಿ ಓದಿ ನೋಡಿ, ನಿಮ್ಮ ನಾಲಿಗೆ ತಡವರಿಸಿದ್ರೆ ಬಿಟ್ಬಿಡಿ. ಪ್ರಥಮ್ ಬುಕ್ಸ್ ಅವರೇ ಪ್ರಕಟಿಸಿದ್ದು ಅಂತಿದ್ರೆ ಸಾಮಾನ್ಯವಾಗಿ ಚೆನ್ನಾಗಿರುತ್ತೆ. ಪಿಡಿಎಫ್ ಇಳಿಸ್ಕೊಂಡು ಪ್ರಿಂಟ್ ತೆಗೆದು ಹೊಲೆದು ಪುಸ್ತಕ ಮಾಡ್ಕೊಡಿ, ನಾವು ಶಾಲೇಲಿ ಅದನ್ನೇ ಮಾಡೋದು. ಸ್ಕ್ರೀನ್ ಮೇಲೆ ಮಗು ಬೆರಳಿಟ್ರೆ ಪುಟ ತಿರುಗ್ಬಿಡುತ್ತೆ, ಪೇಪರ್ ಮೇಲೆ ಬೆರಳು ಓಡಿಸ್ಕೊಂಡು ಓದೋದೇ ಬೇರೆ.

ಇಲ್ಲಿ ನಿಮಗೆ ಒಂದು ತೊಂದರೆ ಬಂದೇ ಬರುತ್ತೆ, ಮೊದಲೇ ಹೇಳಿರ್ತೀನಿ. ಅವಳು ಮನೇಲಿ ಹೋಗ್ತೀನಿ, ತಿಂತಾಳೆ, ಬಂದ್ಬಿಟ್ಟ ಅಂತಾಳೆ. ಪುಸ್ತಕದಲ್ಲಿ ಹೋಗುತ್ತೇನೆ, ತಿನ್ನುತ್ತಾಳೆ, ಬಂದುಬಿಟ್ಟನು ಅಂತಿರುತ್ತೆ. ಅಕ್ಷರ ಕೂಡಿಸಿ ಓದಿ ಮುಗಿಸಿದ್ರೂ ಇದು ನಾನು ಮಾತಾಡೋ ಪದಾನೇ ಅಂತ ಅವಳಿಗೆ ಹೊಳೆಯಲ್ಲ. ನಮ್ಮ ಹಳ್ಳಿ ಮಕ್ಕಳಿಗೂ ಇದೇ ಕಷ್ಟ, ಮನೆ ಮಾತೇ ಬೇರೆ ಇರೋ ಮಕ್ಕಳಿಗೆ ಇನ್ನೂ ಜಾಸ್ತಿ. ಇದಕ್ಕೆ ಇರೋ ದಾರಿ, ಮೊದಲು ನೀವು ಪೂರ್ತಿ ಕಥೆ ಪುಸ್ತಕದಲ್ಲಿ ಇದ್ದಂಗೇ ಓದಿ ಹೇಳೋದು, ಆಮೇಲೆ ಅವಳ ಬಾಯಿಂದ ಅವಳ ಮಾತಲ್ಲಿ ಕಥೆ ಹೇಳ್ಸೋದು, ಮೂರನೇ ಸಲ ಅವಳು ಓದೋದು. ಅವಳು ಹೋಗುತ್ತೇನೆ ಅಂತ ಇರೋದನ್ನ ಹೋಗ್ತೀನಿ ಅಂತ ಓದಿದ್ರೆ ದಯವಿಟ್ಟು ತಪ್ಪು ಅನ್ಬೇಡಿ, ಅರ್ಥ ಆಗಿದೆ ಅಂತಲೇ ಹಂಗೆ ಓದಿದ್ದು, ಅದು ಒಳ್ಳೇ ಲಕ್ಷಣ.

ಕೇಳ್ತಾ ಓದೋಕೆ ಬುಕ್‌ಬಾಕ್ಸ್ ಅಂತ ಯೂಟ್ಯೂಬಲ್ಲಿದೆ, ಕನ್ನಡ ಕಥೆಗಳೂ ಇದಾವೆ. ಹೇಳ್ತಿರೋ ಮಾತೇ ಅದೇ ಭಾಷೇಲಿ ಕೆಳಗೆ ಬರುತ್ತೆ, ಹೇಳ್ತಾ ಹೇಳ್ತಾ ಆ ಪದದ ಬಣ್ಣ ಬದಲಾಗುತ್ತೆ. ಅಹಮದಾಬಾದ್ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿ ಅವರು 1996ರಿಂದ ಈ ಅದೇ ಭಾಷೆ ಸಬ್‌ಟೈಟಲ್ ವಿಷಯದ ಮೇಲೆ ಕೆಲಸ ಮಾಡಿದ್ದಾರೆ, ಸಿನಿಮಾ ಹಾಡಿಗೆ ಸಾಲು ಹಾಕಿದ್ರೆ ಜನ ತಮಗೇ ಗೊತ್ತಿಲ್ದಂಗೆ ಓದೋಕೆ ಶುರು ಮಾಡ್ತಾರೆ ಅನ್ನೋದು ಅವರ ವಿಚಾರ. ಬರೀ ರೈಮ್ಸ್ ಕಾರ್ಟೂನ್ ಚಾನೆಲ್ಲುಗಳು ಹಾಡು ಕಲಿಯೋಕೆ ಸರಿ, ಓದಿಗೆ ಅವುಗಳಿಂದ ಅಷ್ಟೇನೂ ಆಗಲ್ಲ.

ಬರೆಯೋ ವಿಷಯಕ್ಕೆ ಬಂದ್ರೆ, ಕೈಬರಹ ಪೇಪರ್ ಮೇಲೇನೇ ಆಗ್ಬೇಕು, ಅದನ್ನ ಯಾವ ಆಪೂ ಮಾಡ್ಸಲ್ಲ. ಆದ್ರೆ ಫೋನಿನ ಜಿಬೋರ್ಡಲ್ಲಿ, ಅಂದ್ರೆ ಗೂಗಲ್ ಕೀಬೋರ್ಡಲ್ಲಿ, ಎರಡು ಒಳ್ಳೇ ಉಪಯೋಗ ಇದೆ. ಒಂದು ಕನ್ನಡ ಕೀಬೋರ್ಡು, ಇಂಗ್ಲಿಷಲ್ಲಿ ಅಮ್ಮ ಅಂತ ಹೊಡೆದು ಕನ್ನಡ ಬರಿಸೋದಲ್ಲ, ಕನ್ನಡ ಅಕ್ಷರದ್ದೇ ಕೀಲಿಮಣೆ. ಅದ್ರಲ್ಲಿ ಕಿ ಬೇಕು ಅಂದ್ರೆ ಮೊದಲು ಕ ಒತ್ತಿ ಆಮೇಲೆ ಗುಡಿಸು ಒತ್ಬೇಕು, ಅಕ್ಕ ಬೇಕು ಅಂದ್ರೆ ಅ, ಕ, ಆಮೇಲೆ ಆ ಕೊಕ್ಕೆ ಥರದ್ದು, ಆಮೇಲೆ ಇನ್ನೊಂದು ಕ. ಸೂರ್ಯ ಹೊಡೆಯುವಾಗ ರ ಮೊದಲು, ಆಮೇಲೆ ಅದೇ ಕೊಕ್ಕೆ, ಆಮೇಲೆ ಯ ಒತ್ತಿದಾಗ ಅರ್ಕಾವತ್ತು ತಾನಾಗೇ ಬಂದು ಕೂರುತ್ತೆ, ಬಾಯಲ್ಲಿ ಹೇಳೋ ಕ್ರಮಾನೇ ಕೈಯಲ್ಲೂ ಇದೆ ಅಂತ ಮಗುಗೆ ಕಣ್ಣಿಗೇ ಕಾಣುತ್ತೆ. ಅಜ್ಜಿಗೆ ವಾಟ್ಸಾಪಲ್ಲಿ ದಿನಾ ಒಂದು ಸಾಲು ಕಳ್ಸು ಅನ್ನಿ, ಇಂಗ್ಲಿಷ್ ಅಕ್ಷರದಲ್ಲಿ ಬೇಡ ಅನ್ನಿ, ಅಜ್ಜಿ ಉತ್ತರ ಕನ್ನಡದಲ್ಲಿ ಬಂದ್ರೆ ಅದನ್ನ ಓದೋಕೆ ಅವಳೇ ಒದ್ದಾಡ್ತಾಳೆ.

ಇನ್ನೊಂದು ವಾಯ್ಸ್ ಟೈಪಿಂಗ್. ಮೈಕ್ ಒತ್ತಿ ಇವತ್ತು ಸ್ಕೂಲಲ್ಲಿ ಏನಾಯ್ತು ಹೇಳು ಅನ್ನಿ. ಅವಳು ಹೇಳಿದ್ದು ಅಲ್ಲೇ ಕನ್ನಡದಲ್ಲಿ ಬರುತ್ತೆ, ತಾನೇ ಹೇಳಿದ ಮಾತಾದ್ರಿಂದ ಓದೋಕೆ ಅರ್ಧ ಆಗಲೇ ಬರುತ್ತೆ. ಫೋನು ಕೆಲವು ಪದ ತಪ್ಪು ಬರೆಯುತ್ತೆ, ಆ ತಪ್ಪು ಹುಡುಕೋದನ್ನ ಮಕ್ಕಳು ಎಷ್ಟು ಇಷ್ಟಪಡ್ತಾರೆ ಅಂದ್ರೆ ನಮ್ಮ ಕ್ಲಾಸಲ್ಲಿ ಫೋನ್ ಸುತ್ತ ಗುಂಪೇ ಸೇರುತ್ತೆ. ಸರಿಮಾಡಿದ್ದನ್ನ ನೋಟ್‌ಬುಕ್ಕಲ್ಲಿ ನೋಡಿ ಬರೀಲಿ. ಸ್ವಲ್ಪ ಕೈ ಪಳಗಿದ ಮೇಲೆ ಸ್ಟೋರಿವೀವರಲ್ಲೇ ಚಿತ್ರ ಆರಿಸ್ಕೊಂಡು ತನ್ನದೇ ಕಥೆ ಬರೆಯೋ ಅನುಕೂಲನೂ ಇದೆ.

ಮೈಸೂರಿಗೆ ಬಂದ್ರೆ ಯಾವ ಶಾಲೆಗೆ ಸೇರಿಸಿದ್ರೂ ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಓದಲೇಬೇಕು, 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಇದೆ. ಅದಕ್ಕೆ ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿಂದ ದ್ವಿತೀಯ ಭಾಷೆ ಕನ್ನಡದ ಒಂದನೇ ಕ್ಲಾಸಿನ ಪುಸ್ತಕ ಪಿಡಿಎಫ್ ಇಳಿಸ್ಕೊಳ್ಳಿ, ಉಚಿತ. ಪಾಠದ ಜೊತೆ ಇರೋ ಕ್ಯೂಆರ್ ಕೋಡ್ ಸರ್ಕಾರದ ದೀಕ್ಷಾ ಆಪಲ್ಲಿ ಸ್ಕ್ಯಾನ್ ಮಾಡಿದ್ರೆ ವಿಡಿಯೋ ಸಿಗುತ್ತೆ, ಕೆಲವು ಚೆನ್ನಾಗಿದೆ, ಕೆಲವು ಬರೀ ಪಾಠ ಓದಿ ಹೇಳಿರೋದು. ನಿಮಗೇ ಪದದ ಅರ್ಥ ಬೇಕಾದಾಗ ಅಲರ್ ನಿಘಂಟು ನೋಡಿ, ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷಕ್ಕೂ ಜಾಸ್ತಿ ಪದ, ಅದೂ ಉಚಿತ. ಪುಣೇಲೇ ಕನ್ನಡ ಸಂಘ ಇದೆ, ಮಕ್ಕಳ ಪುಸ್ತಕ ಸಿಗುತ್ತಾ ವಿಚಾರಿಸಿ. ರಜೆಗೆ ಊರಿಗೆ ಬಂದಾಗ ಗ್ರಾಮ ಪಂಚಾಯ್ತಿ ಲೈಬ್ರರಿಗೆ, ಈಗ ಅರಿವು ಕೇಂದ್ರ ಅಂತಾರೆ, ಕರ್ಕೊಂಡು ಹೋಗಿ, ಮಕ್ಕಳಿಗೆ ಸದಸ್ಯತ್ವ ಉಚಿತ.

ದಿನಕ್ಕೆ ಹದಿನೈದು ನಿಮಿಷ ಸಾಕು, ಮಲಗೋಕೆ ಮುಂಚೆ ಆದ್ರೆ ಒಳ್ಳೇದು, ಭಾನುವಾರ ಎರಡು ಗಂಟೆ ಕೂರಿಸ್ಬೇಡಿ. ಅವಳು ಈಗ ಯಾವ ಯಾವ ಅಕ್ಷರ ಗುರುತಿಸ್ತಾಳೆ, ದೇವನಾಗರಿ ಎಷ್ಟು ಓದ್ತಾಳೆ ಅಂತ ಕಾಮೆಂಟಲ್ಲಿ ಬರೀರಿ, ಎಲ್ಲಿಂದ ಶುರು ಮಾಡ್ಬೇಕು ಅಂತ ನೋಡಿ ಹೇಳ್ತೀನಿ.