ಕಚೇರಿ ಮುಚ್ಚಿದ ಮೇಲೂ ಡಯಲ್ ಆಗುವ ಲೈನು

ಪ್ರಶ್ನೆ: ನಮ್ಮ ಎರಡು ಕಚೇರಿಗಳ ನೆಟ್‌ವರ್ಕ್‌ಗಳನ್ನು ಐಎಸ್‌ಡಿಎನ್ ಎಂಬ, ಡಯಲ್ ಮಾಡಿ ಬಳಸುವ ಡಿಜಿಟಲ್ ಟೆಲಿಫೋನ್ ಲೈನಿನ ಮೂಲಕ ಜೋಡಿಸಿದ್ದೇವೆ. ಅಗತ್ಯ ಬಿದ್ದಾಗ ಮಾತ್ರ ಡಯಲ್ ಮಾಡುವಂತೆ ರೌಟರ್‌ಗಳನ್ನು ಹೊಂದಿಸಿದ್ದರೂ ಟೆಲಿಫೋನ್ ಬಿಲ್ಲು ಇಳಿಯುತ್ತಿಲ್ಲ. ಕಚೇರಿಯಲ್ಲಿ ಯಾರೂ ಇಲ್ಲದ ರಾತ್ರಿ ವೇಳೆಯಲ್ಲೂ ಕರೆಗಳು ಹೋಗಿವೆ. ಇದನ್ನು ತಡೆಯುವುದು ಹೇಗೆ?

ಉತ್ತರ: ಆ ರಾತ್ರಿಯ ಕರೆಗಳಿಂದಲೇ ಹುಡುಕಾಟ ಆರಂಭಿಸಿ. ಆ ಹೊತ್ತಿನಲ್ಲಿ ಮನುಷ್ಯರು ಕೆಲಸ ಮಾಡುತ್ತಿಲ್ಲವೆಂದ ಮೇಲೆ ಯಂತ್ರಗಳೇ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಿವೆ ಎಂದಾಯಿತು. ಯಾವ ಪ್ಯಾಕೆಟ್ (ದತ್ತಾಂಶದ ತುಣುಕು) ಬಂದದ್ದರಿಂದ ಕರೆ ಹೋಯಿತು ಎಂಬುದನ್ನು ಹೆಚ್ಚಿನ ರೌಟರ್‌ಗಳ ಲಾಗ್‌ನಲ್ಲಿ ನೋಡಬಹುದು. ಅದರಲ್ಲಿ ಪೋರ್ಟ್ (ಯಾವ ಸೇವೆಯೆಂದು ಗುರುತಿಸುವ ಸಂಖ್ಯೆ) 520 ಕಂಡರೆ ರೌಟರ್‌ಗಳು ಮಾರ್ಗಗಳ ವಿವರ ಹಂಚಿಕೊಳ್ಳುವ ರಿಪ್, 137 ಕಂಡರೆ ವಿಂಡೋಸ್‌ನ ನೆಟ್‌ಬಯಾಸ್ ಹೆಸರು ಹುಡುಕಾಟ, 53 ಕಂಡರೆ ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸಿಕೊಡುವ ಡಿಎನ್‌ಎಸ್, 123 ಕಂಡರೆ ಗಡಿಯಾರ ಸರಿಪಡಿಸಿಕೊಳ್ಳುವ ಎನ್‌ಟಿಪಿ ಕಾರಣವೆಂದು ತಿಳಿಯಿರಿ.

ಇವುಗಳಲ್ಲಿ ಅತ್ಯಂತ ದುಬಾರಿಯಾದದ್ದು ರಿಪ್. ಅದು ತನ್ನ ರೌಟಿಂಗ್ ಪಟ್ಟಿಯನ್ನು ಪ್ರತಿ 30 ಸೆಕೆಂಡಿಗೊಮ್ಮೆ ಕಳುಹಿಸುವುದರಿಂದ, ಬಳಕೆಯಿಲ್ಲದೆ 120 ಸೆಕೆಂಡ್ ಕಳೆದರೆ ಕರೆ ಕಡಿಯಬೇಕೆಂದು ನೀವು ನಿಗದಿಪಡಿಸಿದ್ದರೂ ಆ ಎಣಿಕೆ ಮತ್ತೆಮತ್ತೆ ಸೊನ್ನೆಗೆ ಮರಳಿ, ಲೈನು ಕಡಿಯುವುದೇ ಇಲ್ಲ. ಎರಡೇ ಕಚೇರಿಗಳ ನಡುವೆ ಪ್ರತ್ಯೇಕ ರೌಟಿಂಗ್ ಪ್ರೋಟೋಕಾಲ್‌ನ ಅಗತ್ಯವಿಲ್ಲವೆಂಬುದು ನನ್ನ ಅಭಿಪ್ರಾಯ: ಎರಡೂ ಕಡೆ ಸ್ಥಿರ ಮಾರ್ಗಗಳನ್ನು ಕೈಯಾರೆ ಬರೆದು, ಡಯಲ್ ಇಂಟರ್‌ಫೇಸ್‌ನಲ್ಲಿ ರಿಪ್ ನಿಲ್ಲಿಸಿಬಿಡಿ.

ಉಳಿದವುಗಳಿಗೆ ಫಿಲ್ಟರ್ ಬೇಕು. ಇಲ್ಲಿ ಪ್ಯಾಕೆಟ್ಟನ್ನು ಪೂರ್ತಿ ತಡೆಯುವ ಫಿಲ್ಟರ್ ಬೇರೆ, ಅದರ ಸಲುವಾಗಿ ಡಯಲ್ ಮಾಡಬಾರದೆಂದು ಹೇಳುವ ಫಿಲ್ಟರ್ ಬೇರೆ. ಎರಡನೆಯದನ್ನು ಹಾಕಿದರೆ ಲೈನು ಬೇರೆ ಕೆಲಸಕ್ಕೆ ತೆರೆದಿರುವಾಗ ಎನ್‌ಟಿಪಿಯಂಥವು ಅದರ ಜೊತೆಯಲ್ಲೇ ಸಾಗಿಹೋಗುತ್ತವೆ, ಅವಕ್ಕಾಗಿ ಹೊಸ ಕರೆ ಮಾತ್ರ ಹೋಗುವುದಿಲ್ಲ. ಡಿಎನ್‌ಎಸ್‌ಗೆ ಮಾತ್ರ ಈ ಉಪಾಯ ಸಲ್ಲದು, ಏಕೆಂದರೆ ಹೆಸರು ಬಿಡಿಸಿಕೊಳ್ಳಲಾಗದೆ ನಿಜವಾದ ಕೆಲಸವೂ ನಿಲ್ಲಬಹುದು. ಆದ್ದರಿಂದ ಎರಡೂ ಕಚೇರಿಗಳಲ್ಲಿ ಸ್ಥಳೀಯ ಡಿಎನ್‌ಎಸ್ ಸರ್ವರ್ ಇಡುವುದು ಮೇಲು.

ಕರೆ ಕಡಿಯುವ ಅವಧಿಯನ್ನು ತೀರಾ ಚಿಕ್ಕದು ಮಾಡಿದರೆ ಉಳಿತಾಯವಾಗುತ್ತದೆಂಬ ನಂಬಿಕೆ ಹಲವರಲ್ಲಿದೆ. ಆದರೆ ಶುಲ್ಕವನ್ನು ಪಲ್ಸ್ (ಶುಲ್ಕ ಎಣಿಸುವ ನಿಗದಿತ ಕಾಲಾವಧಿ) ಲೆಕ್ಕದಲ್ಲಿ ಹಾಕುವಾಗ ಪ್ರತಿ ಹೊಸ ಕರೆಗೂ ಕನಿಷ್ಠ ಒಂದು ಪಲ್ಸ್ ಬೀಳುವುದರಿಂದ, ಹತ್ತಾರು ಸಣ್ಣ ಕರೆಗಳು ಒಂದು ದೀರ್ಘ ಕರೆಗಿಂತ ದುಬಾರಿಯಾಗಬಹುದು. ನಿಮ್ಮ ಪಲ್ಸ್ ಅವಧಿಗೆ ಹೊಂದುವಂತೆ ಕರೆ ಕಡಿಯುವ ಅವಧಿಯನ್ನು ನಿಗದಿಪಡಿಸಿ. ಐಎಸ್‌ಡಿಎನ್‌ನ ಎರಡನೆಯ 64 ಕಿಲೋಬಿಟ್ ಚಾನೆಲ್ ತೆರೆದರೆ ಅದೂ ಪ್ರತ್ಯೇಕ ಕರೆಯೇ ಆಗುವುದರಿಂದ, ಮೊದಲನೆಯದು ಸಾಕಷ್ಟು ಹೊತ್ತು ತುಂಬಿ ಹರಿದ ಮೇಲಷ್ಟೇ ಅದು ಸೇರುವಂತೆ ಮಿತಿ ಹಾಕಿ.

ಇಮೇಲ್ ಮತ್ತು ಸರ್ವರ್‌ಗಳ ಪ್ರತಿಕೃತಿ ವಿನಿಮಯವನ್ನು (ತಮ್ಮ ದತ್ತಾಂಶದ ಪ್ರತಿಗಳನ್ನು ಪರಸ್ಪರ ಹೊಂದಿಸಿಕೊಳ್ಳುವುದನ್ನು) ದಿನದ ಕೆಲವು ನಿಗದಿತ ಹೊತ್ತಿಗೆ ಒಟ್ಟಾಗಿ ನಡೆಸಿ. ಇಷ್ಟೆಲ್ಲ ಮಾಡಿದ ಮೇಲೂ ಲೈನು ದಿನದ ಬಹುಪಾಲು ತೆರೆದೇ ಇದ್ದರೆ, ಆ ತಿಂಗಳ ಬಿಲ್ಲನ್ನು ಡಯಲ್ ಮಾಡದೆ ಸದಾ ತೆರೆದಿರುವ ಲೀಸ್ಡ್ ಲೈನಿನ ಬಾಡಿಗೆಯ ಪಕ್ಕದಲ್ಲಿಟ್ಟು ನೋಡಿ.